ರತ್ನನಿಗೆ ಪ್ರವೇಶವಿಲ್ಲ

ನವೆಂಬರ್ ಬಂತೆಂದರೆ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಒಬ್ಬ ಕುಡುಕ ಬೇಕೇ ಬೇಕು. ಜಿ.ಪಿ. ರಾಜರತ್ನಂ ಹುಟ್ಟಿಸಿದ ಯೆಂಡ್ಕುಡ್ಕ ರತ್ನನನ್ನು ಒಂದು ಸಲವಾದರೂ ವೇದಿಕೆಗೆ ಕರೆಯದೆ ಯಾವ ಆರ್ಕೆಸ್ಟ್ರಾವೂ ಗಂಟು ಕಟ್ಟುವುದಿಲ್ಲ. ಗಾಯಕರು ಹಳದಿ-ಕೆಂಪು ಶಾಲು ಸರಿಪಡಿಸಿಕೊಂಡು, ತೂರಾಡಿದ ಹಾಗೆ ಎರಡು ಹೆಜ್ಜೆ ಹಾಕಿ ಹಾಡು ಎತ್ತಿದರೆ ಮುಂದಿನ ಸಾಲಿನ ಮಾಜಿ ಕಾರ್ಪೊರೇಟರುಗಳು ಕಣ್ಣೊರೆಸಿಕೊಳ್ಳುತ್ತಾರೆ, ಮಹಿಳಾ ಸಂಘದವರು ತಲೆದೂಗುತ್ತಾರೆ, ಮಕ್ಕಳು ಒನ್ಸ್ ಮೋರ್ ಕೂಗುತ್ತಾರೆ. ಕನ್ನಡಿಗರು ಇಷ್ಟು ಮನಸಾರೆ ಪ್ರೀತಿಸಿದ ಕುಡುಕ ಮತ್ತೊಬ್ಬನಿಲ್ಲ. ಪ್ರೀತಿಗೆ ಕಾರಣವೂ ಇದೆ. ರತ್ನ ಪುಸ್ತಕದಲ್ಲಿ ಮಲಗುತ್ತಾನೆ, ನಮ್ಮ ಫುಟ್‌ಪಾತಿನಲ್ಲಿ ಮಲಗುವುದಿಲ್ಲ.

ಫುಟ್‌ಪಾತಿನಲ್ಲಿ ಮಲಗುವವನ ಬಗ್ಗೆ ನಾನೇ ಒಂದು ಪತ್ರ ಬರೆದಿದ್ದೆ. ಫ್ಲೈಓವರ್ ಕೆಳಗೆ ಸಂಜೆ ವಾಕಿಂಗ್ ಮಾಡಲಾಗುತ್ತಿಲ್ಲ, ವಾಸನೆ, ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ ಎಂದು. ನಮ್ಮಲ್ಲಿ ದೂರು ಕೊಟ್ಟವನಿಗೆ ಎರಡೇ ಶಿಕ್ಷೆ. ಒಂದೋ ಉತ್ತರ ಬರುವುದಿಲ್ಲ, ಇಲ್ಲವೇ ಸಮಿತಿಗೆ ಹಾಕುತ್ತಾರೆ. ನನಗೆ ಎರಡನೆಯದಾಯಿತು. ವ್ಯಸನಪೀಡಿತ ನಿರಾಶ್ರಿತರ ರಾತ್ರಿ ತಂಗುದಾಣವನ್ನು ವಿನ್ಯಾಸಗೊಳಿಸುವ ಸಮಿತಿಗೆ ನಾನು ನಾಗರಿಕ ಸದಸ್ಯ. ಯಾವ ಇಲಾಖೆಯ ಸಮಿತಿ ಎಂದು ಕೇಳಬೇಡಿ. ನಿರಾಶ್ರಿತರು ಯಾವ ಇಲಾಖೆಗೆ ಸೇರಿದವರು ಎಂಬುದೇ ಮೊದಲ ಸಭೆಯ ಮೊದಲ ವಿಷಯವಾಗಿತ್ತು. ಕೊನೆಯ ಸಭೆಯ ಕೊನೆಯ ವಿಷಯವೂ ಅದೇ ಆಗಿತ್ತು.

ಮೊದಲ ಸಭೆಯಲ್ಲಿ ಗೋಡಂಬಿ ಬಿಸ್ಕತ್ತು, ಏಲಕ್ಕಿ ಚಹಾ ಮತ್ತು ಒಂದು ನಿರ್ಣಯ ಬಂದವು. ಕಟ್ಟಡಕ್ಕೆ ಜಾಗ ಬೇಕು, ನಕ್ಷೆ ಬೇಕು, ಟೆಂಡರ್ ಬೇಕು. ಫಲಕಕ್ಕೆ ಇವು ಯಾವುವೂ ಬೇಡ. ಆದ್ದರಿಂದ ಮೊದಲು ಫಲಕ. ಮೂರಡಿಗೆ ಎರಡಡಿ, ತಗಡಿನದು, ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಅದರಲ್ಲಿ ಏನು ಬರೆಯಬೇಕೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ನಿಯಮ 1: ಮದ್ಯಪಾನ ಮಾಡಿದವರಿಗೆ ಪ್ರವೇಶವಿಲ್ಲ.

ಸಮಿತಿಯ ಹೆಸರಿನಲ್ಲೇ ‘ವ್ಯಸನಪೀಡಿತ’ ಇದೆಯಲ್ಲ ಸಾರ್, ಎಂದೆ. ಅಧ್ಯಕ್ಷರು ಕರುಣೆಯಿಂದ ನನ್ನತ್ತ ನೋಡಿದರು. “ವ್ಯಸನಪೀಡಿತರಿಗಾಗಿಯೇ ಕಟ್ಟುತ್ತಿರುವುದು. ಅವರು ವ್ಯಸನ ಬಿಟ್ಟು ಬರಲಿ, ಬಾಗಿಲು ಸದಾ ತೆರೆದಿರುತ್ತದೆ. ಸಂಜೆ ಏಳರಿಂದ ಒಂಬತ್ತರವರೆಗೆ.”

ಹೀಗೆ ನಿಯಮ 2 ಹುಟ್ಟಿತು. ಆಮೇಲೆ ಮಳೆಗಾಲದ ಹುತ್ತದಂತೆ ಒಂದರ ಮೇಲೊಂದು ಎದ್ದವು. ಆಧಾರ್ ಕಾರ್ಡ್ ತೋರಿಸಬೇಕು. ವಿಳಾಸ ಬರೆಸಬೇಕು. ಜೊತೆಯಲ್ಲಿ ನಾಯಿ ಇರಬಾರದು. ಗೋಣಿಚೀಲ ತರಬಾರದು. ಸ್ನಾನ ಮಾಡಿ ಬರಬೇಕು. ಗಟ್ಟಿಯಾಗಿ ಮಾತಾಡಬಾರದು, ಕೆಮ್ಮಬಾರದು, ಬೆಳಿಗ್ಗೆ ಆರಕ್ಕೆ ಎದ್ದು ಹೊರಡಬೇಕು. ಇಷ್ಟನ್ನೂ ಪಾಲಿಸುವ ನಿರಾಶ್ರಿತ ಹೇಗಿರುತ್ತಾನೆಂದು ನಾನು ಕಣ್ಣು ಮುಚ್ಚಿ ಊಹಿಸಿಕೊಂಡೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಾನೆ, ಸದ್ದಿಲ್ಲದೆ ಮಲಗುತ್ತಾನೆ, ಸೂರ್ಯನಿಗಿಂತ ಮೊದಲು ಏಳುತ್ತಾನೆ. ಪಕ್ಕದಲ್ಲಿದ್ದ ಸದಸ್ಯರು ನನ್ನ ಕಿವಿಯಲ್ಲಿ ಹೇಳಿದರು: “ಅಂಥವನು ಸಿಕ್ಕರೆ ನಮ್ಮ ಮನೆಯ ಮೇಲ್ಮಹಡಿ ಖಾಲಿಯಿದೆ. ಹತ್ತು ತಿಂಗಳ ಅಡ್ವಾನ್ಸನ್ನು ಆರಕ್ಕೆ ಇಳಿಸುತ್ತೇನೆ.” ನಿಯಮಗಳು ಹದಿನಾಲ್ಕಕ್ಕೆ ಮುಟ್ಟಿದಾಗ ಮೂರಡಿಯ ಫಲಕ ಸಾಲಲಿಲ್ಲ. ನಾಲ್ಕಡಿಗೆ ಮೂರಡಿ ಎಂದು ತಿದ್ದುಪಡಿ ಮಾಡಿ ಸಭೆ ಮುಗಿಸಿದೆವು.

ಎರಡನೇ ಸಭೆಗೆ ಎಂಜಿನಿಯರ್ ಸಾಹೇಬರು ಕಾನೂನಿನ ಕಡತ ಹೊತ್ತು ತಂದರು. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ತಾತ್ಕಾಲಿಕ ತಂಗುದಾಣವೊಂದನ್ನು ಪಾಲಿಕೆಯವರು ಕೆಡವಿದರು. ಅಲ್ಲಿದ್ದವರು ಬೀದಿಗೆ ಬಿದ್ದರು, ಸಾವೂ ಆಯಿತು. ಮುಂದಿನ ತಿಂಗಳುಗಳಲ್ಲಿ ಸುಪ್ರೀಂ ಕೋರ್ಟು ಸರ್ಕಾರಗಳ ಕಿವಿ ಹಿಂಡಿ, ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಒಂದು ತಂಗುದಾಣ ಇರಬೇಕು, ಅದು ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು ಎಂದಿತು. ಆಮೇಲೆ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ತಲೆಗೆ ಕನಿಷ್ಠ 50 ಚದರಡಿ ಜಾಗ ಎಂದೂ ಬರೆದಿಟ್ಟರು. 2011ರ ಜನಗಣತಿಯಲ್ಲಿ ಬೆಂಗಳೂರಿನ ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ ಜನ. ಅಂದರೆ 84 ತಂಗುದಾಣ. ಇರುವುದೆಷ್ಟು ಎಂದು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು.

“50 ಚದರಡಿ ಅಂದರೆ ಹೆಚ್ಚುಕಡಿಮೆ ಏಳಡಿಗೆ ಏಳಡಿ” ಎಂದರು ಎಂಜಿನಿಯರ್. “50 ಜನಕ್ಕೆ 2,500 ಚದರಡಿ. ನಮಗೆ ಸಿಕ್ಕಿರುವುದು 30-40ರ ಸೈಟು. ಅದರಲ್ಲಿ ವಾಚ್‌ಮನ್ ರೂಮು, ವಿಐಪಿ ರೂಮು, ನೀರಿನ ಸಂಪು ಹೋಗಬೇಕು. ಆದರೂ ದಾರಿಯಿದೆ. ರೈಲಿನಲ್ಲಿ ಮೂರಂತಸ್ತಿನ ಬರ್ತ್ ಇಲ್ಲವೇ? ಜನ ಕಾಶಿಯವರೆಗೆ ಹೋಗಿಬರುತ್ತಾರೆ. ಮೂರಂತಸ್ತಿನ ಮಂಚ ಹಾಕಿಸಿ, ಚದರಡಿ ಬಿಟ್ಟು ಘನ ಅಡಿಯಲ್ಲಿ ಲೆಕ್ಕ ಕೊಟ್ಟರಾಯಿತು.”

ಸಮಿತಿಯಲ್ಲಿ ಒಬ್ಬರು ಯುವ ಮನೋವೈದ್ಯೆ ಇದ್ದರು. ಬಿಸ್ಕತ್ತು ಮುಟ್ಟದೆ ಕೂತ ಏಕೈಕ ಸದಸ್ಯೆ. ಅವರು ಹೇಳಿದ್ದನ್ನು ನಾನು ಬರೆದುಕೊಂಡೆ, ಯಾಕೆಂದರೆ ನಡಾವಳಿಯಲ್ಲಿ ಅದು ಬರಲಿಲ್ಲ. ದಿನವೂ ಕುಡಿಯುವವನಿಗೆ ಒಮ್ಮೆಲೇ ಮದ್ಯ ನಿಂತರೆ ಆರೆಂಟು ಗಂಟೆಯಲ್ಲಿ ಕೈ ನಡುಗತೊಡಗುತ್ತದೆ. ಮೊದಲೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಬೆವರು, ದಿಗಿಲು, ಇಲ್ಲದ್ದು ಕಾಣುವುದು, ಚಿಕಿತ್ಸೆಯಿಲ್ಲದಿದ್ದರೆ ಸಾವು. “ಹಾಗಾಗಿ ನಿಮ್ಮ ನಿಯಮ 1 ಪಾಲಿಸಿ ಒಳಗೆ ಬಂದವನೇ ಹೆಚ್ಚು ಅಪಾಯದಲ್ಲಿರುತ್ತಾನೆ. ಅವನನ್ನು ನೀವು ಒಂಬತ್ತಡಿ ಎತ್ತರದ ಮಂಚದಲ್ಲಿ ಮಲಗಿಸಿ, ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕುತ್ತೀರಿ” ಎಂದರು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಎಂಜಿನಿಯರ್ ಹೇಳಿದರು: “ಹಾಗಿದ್ದರೆ ಮೇಲಿನ ಮಂಚಕ್ಕೆ ಸೀಟ್ ಬೆಲ್ಟ್ ಹಾಕಿಸೋಣ.” ನಿಯಮ 19: ಫಿಟ್ಸ್ ಬರುವವರು ಮುಂಚಿತವಾಗಿ ತಿಳಿಸತಕ್ಕದ್ದು.

ನಮ್ಮ ಊರಿಗೆ ವಿನ್ಯಾಸದ ಪ್ರತಿಭೆ ಇಲ್ಲವೆಂದು ಯಾರೂ ಹೇಳಬಾರದು. ಬಸ್ ತಂಗುದಾಣದ ಬೆಂಚನ್ನು ನೋಡಿ. ಮೂರು ಸ್ಟೀಲ್ ಪೈಪು, ಮುಂದಕ್ಕೆ ಒಂಚೂರು ಇಳಿಜಾರು. ಕೂತವನೇ ಜಾರುತ್ತಾನೆ, ಮಲಗುವ ಮಾತೆಲ್ಲಿ? ಅಂಗಡಿಯ ಜಗಲಿಗೆ ಚೂಪು ಕಲ್ಲು ನೆಟ್ಟಿದ್ದೇವೆ. ಫ್ಲೈಓವರ್ ಕೆಳಗೆ ಕಂಬಿ ಬೇಲಿ ಹಾಕಿ, ಒಳಗೆ ಬಿಸಿಲು ಬೀಳದ ಕಡೆ ಹೂಗಿಡ ಇಟ್ಟು, ಕಂಬಗಳ ಮೇಲೆ ಹುಲಿಯ ಚಿತ್ರ ಬರೆಸಿದ್ದೇವೆ. ಮನುಷ್ಯ ಮಲಗದಂತೆ ನೋಡಿಕೊಳ್ಳುವ ವಿದ್ಯೆಯಲ್ಲಿ ನಾವು ಪಾರಂಗತರು. ಅವನನ್ನು ಮಲಗಿಸುವ ವಿದ್ಯೆಗೆ ಮಾತ್ರ ಸಮಿತಿ ಬೇಕು.

ಮೂರನೇ ಸಭೆಗೆ ಅಬಕಾರಿಯ ಅಧಿಕಾರಿಯೊಬ್ಬರು ವಿಶೇಷ ಆಹ್ವಾನಿತರಾಗಿ ಬಂದರು. ಇಡೀ ಸಮಿತಿಯಲ್ಲಿ ಕೆಲಸದ ಬಗ್ಗೆ ಪ್ರಾಮಾಣಿಕ ಹೆಮ್ಮೆಯಿದ್ದ ಮನುಷ್ಯ ಅವರೊಬ್ಬರೇ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅವರ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ನಾನು ಮೊಬೈಲ್ ತೆಗೆದು ಭಾಗಿಸಿದೆ. ದಿನಕ್ಕೆ ಸುಮಾರು 110 ಕೋಟಿ, ನಿಮಿಷಕ್ಕೆ ಏಳೂವರೆ ಲಕ್ಷ. ಆ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ 50 ಜನರ ತಂಗುದಾಣವೊಂದನ್ನು ವರ್ಷವಿಡೀ ನಡೆಸಲು ಇಟ್ಟ ಮೊತ್ತ 6 ಲಕ್ಷ. ನಾವು ಆ ದಿನ ಚಹಾಕ್ಕೆ ಸಕ್ಕರೆ ಬೇಕೇ ಬೇಡವೇ ಎಂದು ಚರ್ಚಿಸಿದ ಹೊತ್ತಿನಲ್ಲಿ ಮೂರು ನಾಲ್ಕು ತಂಗುದಾಣಗಳ ವರ್ಷದ ಖರ್ಚು ಖಜಾನೆಗೆ ಬಂದು ಬಿದ್ದಿತ್ತು.

ಮಗುವನ್ನು ಚಿವುಟುವ ಕೈಯೇ ತೊಟ್ಟಿಲನ್ನೂ ತೂಗುತ್ತದೆ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಮಾಡಿದವರು ಒಂದೇ ಕೈಯನ್ನು ನೋಡಿದ್ದರು. ಇಲ್ಲಿ ಎಷ್ಟು ಕೈಗಳಿವೆ ನೋಡಿ. ಮದ್ಯದ ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ್ದು. ಚಿಲ್ಲರೆಯಲ್ಲಿ ಎಂಎಸ್‌ಐಎಲ್ ಇದೆ. ಮಕ್ಕಳಿಗೆ ನೋಟ್‌ಬುಕ್ಕು, ತಾಯಂದಿರಿಗೆ ಚೀಟಿ, ಅಪ್ಪಂದಿರಿಗೆ ಬಾಟಲಿ, ಹೀಗೆ ಇಡೀ ಕುಟುಂಬವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಕುಡಿಯುವವರಿಗೆ ಬುದ್ಧಿ ಹೇಳಲು ಮದ್ಯಪಾನ ಸಂಯಮ ಮಂಡಳಿ. ಹೆಸರು ಗಮನಿಸಿ, ಸಂಯಮ. ಬಿಡಿ ಎಂದರೆ ಬಜೆಟ್ ಬೀಳುತ್ತದೆ, ಕುಡಿಯಿರಿ ಎಂದರೆ ಸಂವಿಧಾನದ 47ನೇ ವಿಧಿ ಗುರಾಯಿಸುತ್ತದೆ. ಆದ್ದರಿಂದ ಹದವಾಗಿ ಕುಡಿಯಿರಿ, ಗುರಿ ಮುಟ್ಟುವಷ್ಟು.

2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಷೇಧಿಸಿತು. ಬಡವರ ಮನೆ ಉಳಿಯಿತೆಂದು ಭಾಷಣಗಳಾದವು. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವನು 90 ಎಂಎಲ್ ವಿಸ್ಕಿಗೆ ಬಡ್ತಿ ಪಡೆದ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ದಿಢೀರನೆ ಮುಚ್ಚಿದಾಗ ನಡುಕ, ಫಿಟ್ಸ್, ಸನ್ನಿ ಹಿಡಿದವರು ಬೆಂಗಳೂರಿನ ಆಸ್ಪತ್ರೆಗಳಿಗೆ ಹೆಚ್ಚಾಗಿ ಬಂದದ್ದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದರು. ಮೇ 4ರಂದು ಅಂಗಡಿ ತೆರೆದಾಗ ಜನ ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ ಸಾಲು ನಿಂತರು. ಆ ಒಂದು ದಿನ ರಾಜ್ಯದಲ್ಲಿ ಮಾರಾಟವಾದದ್ದು ಸುಮಾರು 45 ಕೋಟಿ ರೂಪಾಯಿಯ ಮದ್ಯ. ವೈದ್ಯರ ವರದಿ ಓದಿದವರೆಷ್ಟೋ ಗೊತ್ತಿಲ್ಲ. 45 ಕೋಟಿಯನ್ನು ಓದದವರಿಲ್ಲ.

“ಬೆಂಗಳೂರಿನಲ್ಲಿ ಬಾರ್‌ಗಳಿಗೆ ರಾತ್ರಿ ಒಂದರವರೆಗೆ ಅವಕಾಶ ಕೊಟ್ಟಿದ್ದೇವೆ” ಎಂದರು ಅಧಿಕಾರಿ. “ತಂಗುದಾಣದ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ” ಎಂದರು ಅಧ್ಯಕ್ಷರು. ಇಬ್ಬರೂ ಪರಸ್ಪರ ಅಭಿನಂದಿಸಿಕೊಂಡರು. ಒಂಬತ್ತರಿಂದ ಒಂದರ ನಡುವಿನ ನಾಲ್ಕು ಗಂಟೆ ಯಾವ ಇಲಾಖೆಗೆ ಸೇರಿದ್ದು ಎಂದು ಕೇಳಿದೆ. ಮುಂದಿನ ಸಭೆಗೆ ಮುಂದೂಡಲಾಯಿತು.

ಆ ನಾಲ್ಕು ಗಂಟೆಯಲ್ಲಿ ಇರುವವನು ನನಗೆ ಗೊತ್ತು. ನನ್ನ ದೂರಿನ ಪತ್ರದಲ್ಲಿದ್ದ ವಾಸನೆ ಅವನದೇ. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಯಾದಗಿರಿ ಕಡೆಯವನು, ಸೆಂಟ್ರಿಂಗ್ ಕೆಲಸಕ್ಕೆಂದು ಬಂದವನು. ಈ ಊರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಸ್ಲ್ಯಾಬಿಗೆ ಹಲಗೆ ಹೊಡೆದಿದ್ದಾನೆ. ಸೊಂಟಕ್ಕೆ ಪೆಟ್ಟಾದ ಮೇಲೆ ಕೆಲಸ ಹೋಯಿತು, ಕೆಲಸದ ಜೊತೆ ಶೆಡ್ಡೂ ಹೋಯಿತು. ನೋವಿಗೆ ಹಿಡಿದ ಕುಡಿತ ನೋವು ಹೋದರೂ ಹೋಗಲಿಲ್ಲ. ನೋವೂ ಹೋಗಲಿಲ್ಲ ಅನ್ನಿ. ಸಮಿತಿಯ ಸದಸ್ಯನೆಂಬ ಗತ್ತಿನಲ್ಲಿ ಒಂದು ರಾತ್ರಿ ಅವನೆದುರು ನೋಟ್‌ಬುಕ್ ಹಿಡಿದು ಕೂತೆ. ಯಾಕೆ ಕುಡೀತೀಯ ಎಂದು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ.

“ಕುಡದ್ರ ಸೊಳ್ಳಿ ಕಡದಿದ್ದು ಗೊತ್ತಾಗಂಗಿಲ್ರಿ. ಚಳಿ ಹತ್ತಂಗಿಲ್ಲ. ಯಾರರ ಒದ್ರೂ ಮುಂಜಾನಿ ತನಕ ನೋವು ಗೊತ್ತಾಗಂಗಿಲ್ಲ. ಈಗ ಅದೂ ಅಲ್ರಿ, ಕುಡೀದಿದ್ರ ಕೈ ನಡಗ್ತಾವ. ನಡಗೂ ಕೈಗೆ ಯಾರು ಕೆಲಸ ಕೊಡ್ತಾರ? ಕೈ ನಿಲ್ಲಬೇಕಂದ್ರ ಒಂದು ನೈಂಟಿ ಬೇಕ್ರಿ. ಕೈ ನಿಂತಿತು ಅಂದ್ರ ಬಾಯಿ ವಾಸನಿ ಬರ್ತೈತಿ. ವಾಸನಿ ಬಂದ್ರ ಒಳಗ ಬಿಡಂಗಿಲ್ಲ ಅಂತಾರ.”

ನಿನಗೇ ಒಂದು ತಂಗುದಾಣ ಕಟ್ಟು ಅಂದರೆ ಹೇಗೆ ಕಟ್ಟುತ್ತೀಯ ಎಂದೆ. ಆ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಫ್ಲೈಓವರಿನ ತಳವನ್ನೇ ನೋಡುತ್ತ ಕೂತ, ಹಲಗೆ ಎಲ್ಲಿ ಹೊಡೆಯಬೇಕೆಂದು ನೋಡುವ ಮೇಸ್ತ್ರಿಯ ಹಾಗೆ.

“ಮ್ಯಾಲಿನ ಕಾಟ್ ಬ್ಯಾಡ್ರಿ. ನೆಲಕ್ಕ ಹತ್ತಿರ ಇರ್ಲಿ. ಬಿದ್ರೂ ತಲಿ ಒಡೀಬಾರ್ದು. ಪೂರಾ ಕತ್ತಲ ಮಾಡಬ್ಯಾಡ್ರಿ. ಕುಡಿಯೂದು ನಿಂತ ಮೂರನೇ ರಾತ್ರಿ ಗ್ವಾಡಿ ಮ್ಯಾಲ ಹುಳ ಹರದಾಡ್ತಾವ. ಸಣ್ಣದೊಂದು ಲೈಟ್ ಇತ್ತಂದ್ರ, ಹುಳ ಇಲ್ಲ ಅಂತ ಖರೇ ಮಾಡ್ಕೋಬಹುದು. ಸಂಡಾಸದ ಬಾಗಲಾ ಹೊರಗ ತೆಗಿಯೂವಂಗ ಇಡ್ರಿ. ಒಳಗ ಬಿದ್ದವನ ಮೈನೇ ಬಾಗಲಕ್ಕ ಅಡ್ಡ ಆಗ್ತೈತಿ, ತೆಗಿಯಾಕ ಬರಂಗಿಲ್ಲ. ನಮ್ಮವನೊಬ್ಬ ಹಂಗ ಹೋದ. ಚೀಲ ಇಡಾಕ ಒಂದು ಬೀಗದ ಡಬ್ಬಿ ಬೇಕು. ಚೀಲ ಕಳೀತು ಅಂದ್ರ ಹೆಸರ ಕಳದಂಗ್ರಿ, ಕಾಗದಾ ಎಲ್ಲಾ ಅದರಾಗ ಇರ್ತಾವ. ಎಷ್ಟ ಹೊತ್ತಿಗೆ ಬಂದ್ರೂ ಬಾಗಲಾ ತೆಗೀಬೇಕು. ಮತ್ತ ರಾತ್ರಿ ಯಾರರ ಒಬ್ರು ಎಚ್ಚರ ಇರ್ಬೇಕ್ರಿ. ಬೈಲಿಕ್ಕಲ್ಲ. ಸುಮ್ನ, ಎಚ್ಚರ.”

ಇಡೀ ನಕ್ಷೆ ಅಷ್ಟೇ. ಮನೋವೈದ್ಯೆಗೆ ತೋರಿಸಿದೆ. ಅವರು ಮೂರು ಸೇರಿಸಿದರು: ಬಿ1 ಜೀವಸತ್ವದ ಚುಚ್ಚುಮದ್ದು, ನಡುಕ ಸನ್ನಿಯಾಗದಂತೆ ತಡೆಯುವ ಮಾತ್ರೆ, ಅವನ್ನು ಕೊಡಲು ಒಬ್ಬ ನರ್ಸ್. “ಮಿಕ್ಕಿದ್ದೆಲ್ಲ ಸರಿಯಾಗಿದೆ. ನಾವು ಪಠ್ಯಪುಸ್ತಕದಲ್ಲಿ ಓದಿದ್ದನ್ನು ಈತ ಫ್ಲೈಓವರ್ ಕೆಳಗೆ ಓದಿದ್ದಾನೆ” ಎಂದರು. ನಾನು ಅದನ್ನು ನಾಲ್ಕನೇ ಸಭೆಯ ಮುಂದಿಟ್ಟೆ. “ಸಾರ್ವಜನಿಕರ ಸಲಹೆಗಳನ್ನು ಸ್ವೀಕರಿಸಲಾಯಿತು” ಎಂದು ನಡಾವಳಿಯಲ್ಲಿ ದಾಖಲಾಯಿತು. ಸರ್ಕಾರಿ ಕನ್ನಡದಲ್ಲಿ ಸ್ವೀಕರಿಸುವುದೆಂದರೆ ನದಿ ಹೆಣವನ್ನು ಸ್ವೀಕರಿಸಿದ ಹಾಗೆ. ಮತ್ತೆ ಮೇಲೆ ಬರುವುದು ಯಾವಾಗ, ಎಲ್ಲಿ ಎಂದು ಹೇಳಲಾಗದು.

ಅದೇ ಸಭೆಯಲ್ಲಿ ಮನೋವೈದ್ಯೆ ಕೆನಡಾದ ಮಾತೆತ್ತಿದ್ದು ತಪ್ಪಾಯಿತು. ಅಟಾವಾ ನಗರದ ನಿರಾಶ್ರಿತರ ತಂಗುದಾಣವೊಂದರಲ್ಲಿ, ಎಷ್ಟೋ ಸಲ ಚಿಕಿತ್ಸೆಗೆ ಹೋಗಿ ಸೋತು ಬಂದ ಕುಡುಕರಿಗೆ ಹಾಸಿಗೆ, ಊಟ, ಔಷಧದ ಜೊತೆಗೆ ಗಂಟೆಗೊಮ್ಮೆ ಅಳೆದು ವೈನ್ ಕೊಡುತ್ತಾರೆ. ಹೊರಗೆ ಸಿಕ್ಕ ಸ್ಪಿರಿಟ್ಟು, ಮೌತ್‌ವಾಶ್ ಕುಡಿದು ಹಿಮದಲ್ಲಿ ಬಿದ್ದು ಸಾಯದಿರಲಿ ಎಂದು. ಅಲ್ಲಿನ 17 ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತುರ್ತು ಚಿಕಿತ್ಸಾ ಘಟಕಕ್ಕೆ ಹೋಗುವುದು ಮೂರನೇ ಒಂದು ಭಾಗ ಇಳಿಯಿತು, ಪೊಲೀಸರ ಕೈಗೆ ಸಿಗುವುದು ಅರ್ಧಕ್ಕಿಳಿಯಿತು. ಅಮೆರಿಕದ ಸಿಯಾಟಲ್‌ನಲ್ಲಿ 2005ರಲ್ಲಿ ಇಂಥ 75 ಜನರಿಗೆ, ಕುಡಿತ ಬಿಡಲೇಬೇಕೆಂಬ ಷರತ್ತಿಲ್ಲದೆ, ಮನೆಗಳನ್ನೇ ಕೊಟ್ಟರು. ಬೀದಿಯಲ್ಲಿ ಬಿಟ್ಟಿದ್ದಕ್ಕಿಂತ ಸರ್ಕಾರಕ್ಕೆ ಖರ್ಚು ಕಡಿಮೆಯಾಯಿತು. ಕುಡಿತವೂ ತಾನಾಗಿ ಇಳಿಯಿತು.

ಸಭೆ ಕಂಪಿಸಿತು. “ಏನಂದಿರಿ? ಸರ್ಕಾರವೇ ಕುಡಿಸುವುದೇ?” ಎಂದು ಅಧ್ಯಕ್ಷರು ಎದೆ ಹಿಡಿದುಕೊಂಡರು. “ಇದು ಬಸವಣ್ಣನ ನಾಡು!” “ಗಾಂಧಿ ಏನೆಂದುಕೊಂಡಾರು?” “ನಮ್ಮ ಸಂಸ್ಕೃತಿ ಏನಾದೀತು?” ಎಲ್ಲರೂ ಒಟ್ಟಿಗೆ ಮಾತಾಡಿದರು. ಅಬಕಾರಿ ಅಧಿಕಾರಿಯೊಬ್ಬರೇ ಮೇಜಿನ ಮೇಲಿನ ಬಿಸ್ಕತ್ತನ್ನು ತೀವ್ರವಾಗಿ ಪರಿಶೀಲಿಸುತ್ತಿದ್ದರು. ಸರ್ಕಾರ ಅಳೆದು ಕುಡಿಸಿದರೆ ಸಂಸ್ಕೃತಿಗೆ ಅಪಚಾರ, ಅಳೆಯದೆ ಮಾರಿದರೆ ಸಂಪನ್ಮೂಲ ಕ್ರೋಡೀಕರಣ. ಈ ಸೂಕ್ಷ್ಮ ಅಟಾವಾದವರಿಗೆ ಹೊಳೆದಿಲ್ಲ, ಪಾಪ. ಆದರೂ ಅವರ ತಪ್ಪನ್ನು ಕಣ್ಣಾರೆ ನೋಡಿ ಖಂಡಿಸಬೇಕೆಂದು ಐವರು ಸದಸ್ಯರ ಅಧ್ಯಯನ ಪ್ರವಾಸ ಮಂಜೂರಾಯಿತು. ಜುಲೈನಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ನಿರಾಶ್ರಿತರು ಸಾಯುವಷ್ಟು ಚಳಿಯಂತೆ.

ಕಾನೂನು ಏನನ್ನುತ್ತದೆ ಎಂದು ನಾನು ಕೊನೆಯ ಬಾಣ ಬಿಟ್ಟೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬಂದ ಮಾನಸಿಕ ತೊಂದರೆಯೂ ಕಾಯಿಲೆಯೇ. ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡಿನ ಹಂಗೂ ಇಲ್ಲ. ದೆಹಲಿಯ ಏಮ್ಸ್ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಒಂದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯ ಹಾಸಿಗೆ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಎಂದೂ ಅದೇ ಸಮೀಕ್ಷೆ ಹೇಳುತ್ತದೆ. ಮಾರ್ಕೆಟ್ಟಿನ ಸುತ್ತ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಓಡಾಡುವ ಹುಡುಗರಿಗೆ ನೆಗಡಿಯೆಂದು ನಾವು ತಿಳಿದಿದ್ದೇವೆ. ಅವರಿಗೆ ತಂಗುದಾಣದಲ್ಲಿ ಏನು ವ್ಯವಸ್ಥೆ? ನಿಯಮ 23: ಅಪ್ರಾಪ್ತರಿಗೆ ಪ್ರವೇಶವಿಲ್ಲ.

“ಇವರಿಗೆಲ್ಲ ಮಾಗಡಿ ರಸ್ತೆಯ ಭಿಕ್ಷುಕರ ಕೇಂದ್ರ ಇದೆಯಲ್ಲ” ಎಂದರು ಒಬ್ಬರು. ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೀದಿಯಿಂದ ಹಿಡಿದುಕೊಂಡು ಹೋಗುತ್ತಾರೆ. ಹಿಡಿದು ಒಳಗೆ ಹಾಕಿದವನಿಗೆ ಕುಡಿತ ಅಂದೇ ನಿಲ್ಲುತ್ತದೆ, ಮೂರನೇ ರಾತ್ರಿಯ ಹುಳಗಳು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತವೆ. 2010ರ ಆಗಸ್ಟಿನಲ್ಲಿ ಅದೇ ಕೇಂದ್ರದಲ್ಲಿ ದಿನಗಳ ಅಂತರದಲ್ಲಿ ಸಾಲು ಹೆಣಗಳು ಬಿದ್ದು ರಾಜ್ಯವೇ ಬೆಚ್ಚಿತ್ತು. ಅದನ್ನು ನಡೆಸಲೆಂದು ನಮ್ಮ ಆಸ್ತಿ ತೆರಿಗೆಯ ಜೊತೆ ಶೇ 3 ಭಿಕ್ಷುಕರ ಕರ ವಸೂಲಾಗುತ್ತದೆ. ಹಾಗೆ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಂಡದ್ದು ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಭಿಕ್ಷುಕರ ಹಣಕ್ಕಾಗಿ ಭಿಕ್ಷುಕರ ಕೇಂದ್ರ ಕೈಯೊಡ್ಡಿ ನಿಲ್ಲಬೇಕು. ಇದಕ್ಕೆ ಯಾರನ್ನು ಹಿಡಿಯಬೇಕೆಂದು ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಸ್ಪಷ್ಟವಿಲ್ಲ.

ಕೊನೆಗೂ ಕಟ್ಟಡ ಎದ್ದಿತು. ಮೂರಂತಸ್ತಿನ ಮಂಚ, ಒಳಕ್ಕೆ ತೆರೆಯುವ ಶೌಚಾಲಯದ ಬಾಗಿಲು, ಗ್ರಾನೈಟ್ ನೆಲ, ಮುಂಭಾಗಕ್ಕೆ ಹೊಯ್ಸಳ ಶೈಲಿಯ ಕಮಾನು. ಗೇಟಿನ ಪಕ್ಕ ಉಸಿರು ಪರೀಕ್ಷಿಸುವ ಯಂತ್ರ. ನಿಯಮಗಳು 31 ಆಗಿದ್ದರಿಂದ ಫಲಕ ಎಂಟಡಿಗೆ ಆರಡಿಯಾಯಿತು. ಅಷ್ಟು ದೊಡ್ಡ ತಗಡನ್ನು ಗೋಡೆಗೆ ಹೊಡೆದರೆ ಹೊಯ್ಸಳ ಶೈಲಿ ಮರೆಯಾಗುತ್ತದೆಂದು ವಾಸ್ತುಶಿಲ್ಪಿ ಹಟ ಹಿಡಿದರು. ಹಾಗಾಗಿ ಎರಡು ಕಬ್ಬಿಣದ ಕಾಲು ಕೊಟ್ಟು, ಗಾಳಿಗೆ ಬೀಳದಂತೆ ಹಿಂದಕ್ಕೆ ವಾಲಿಸಿ, ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದರು.

ಉದ್ಘಾಟನೆ ನವೆಂಬರಿನಲ್ಲೇ ಆಯಿತು. ಆರ್ಕೆಸ್ಟ್ರಾ ಬಂತು, ರತ್ನನೂ ಬಂದ. ಗಾಯಕರು ಎರಡು ಹೆಜ್ಜೆ ತೂರಾಡಿದರು, ಚಪ್ಪಾಳೆ ಬಿತ್ತು. ಉಸಿರು ಯಂತ್ರದ ಪ್ರಾತ್ಯಕ್ಷಿಕೆಗೆ ಗಣ್ಯರೊಬ್ಬರು ಊದಿ ತೋರಿಸಬೇಕೆಂದು ಎಂಜಿನಿಯರ್ ಕೋರಿದಾಗ ವೇದಿಕೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತುರ್ತು ಫೋನ್ ಬಂತು. ಕೊನೆಗೆ ವಾಚ್‌ಮನ್ ಊದಿದ. ಅವನಿಗೆ ಅಲ್ಲೇ ಕೆಲಸ ಕಾಯಂ ಆಯಿತು.

ಮೊದಲ ತಿಂಗಳ ವರದಿ ನನಗೂ ಒಂದು ಪ್ರತಿ ಬಂತು. ಒಟ್ಟು 50 ಮಂಚ. ತಂಗಿದವರು ವಾಚ್‌ಮನ್, ಅವನ ಅಳಿಯ, ಮತ್ತು ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಇಬ್ಬರು ಹುಡುಗರು. ಷರಾ: “ತಂಗುದಾಣದ ನಿವಾಸಿಗಳಲ್ಲಿ ವ್ಯಸನದ ಪ್ರಮಾಣ ಶೂನ್ಯಕ್ಕೆ ಇಳಿದಿದ್ದು, ಯೋಜನೆ ನೂರಕ್ಕೆ ನೂರು ಯಶಸ್ವಿಯಾಗಿದೆ.”

ಫ್ಲೈಓವರ್ ಕೆಳಗೆ ಈಗ ಬೇಲಿ, ಹೂಗಿಡ. ವಾಸನೆಯಿಲ್ಲ. ನನ್ನ ದೂರಿಗೆ ಸೂಕ್ತ ಕ್ರಮ ಕೈಗೊಂಡಂತಾಯಿತು. ಮೇಸ್ತ್ರಿ ಏನಾದ ಎಂದು ಮಾತ್ರ ತಿಳಿಯಲಿಲ್ಲ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಅಕಾಲದ ಮಳೆ ಹಿಡಿದಾಗ ತಂಗುದಾಣದ ಕಮಾನಿನ ಕೆಳಗೆ ಓಡಿ ನಿಂತೆ. ಗೇಟಿಗೆ ಬೀಗ. ಪಕ್ಕದಲ್ಲಿ ತಗಡಿನ ಮೇಲೆ ಮಳೆ ಬೀಳುವ ಸದ್ದು, ಅದರ ಹಿಂದಿನಿಂದ ಒಂದು ಕೆಮ್ಮು.

ಮೊಬೈಲ್ ಬೆಳಕು ಹಾಕಿ ಬಗ್ಗಿ ನೋಡಿದೆ. ವಾಲಿದ ಫಲಕಕ್ಕೂ ಕಾಂಪೌಂಡಿಗೂ ನಡುವೆ ಒಂದಾಳು ಕಾಲು ಚಾಚುವಷ್ಟು ಒಣ ನೆಲ. ಮೇಸ್ತ್ರಿ ಮಲಗಿದ್ದ. ತಲೆದೆಸೆಯಲ್ಲಿ ಚೀಲ, ಕಾಲ ಬಳಿ ನಾಯಿ. ಬೀದಿದೀಪದ ಒಂದು ಎಳೆ ಅಂಚಿನಿಂದ ಇಣುಕಿ ಗೋಡೆಯ ಮೇಲೆ ಬಿದ್ದಿತ್ತು, ಹುಳ ಇಲ್ಲವೆಂದು ನೋಡಿಕೊಳ್ಳುವಷ್ಟು. ನೆಲಕ್ಕೆ ಹತ್ತಿರ, ಬಾಗಿಲೇ ಇಲ್ಲ, ದಿನದ 24 ಗಂಟೆಯೂ ಪ್ರವೇಶ.

“ಯಾರ್ರೀ?” ಎಂದ.

ನಾನೇ ಕಣೋ, ಸಮಿತಿಯವನು ಎಂದೆ.

“ಬರ್ರಿ ಒಳಗ” ಎಂದು ಮೇಸ್ತ್ರಿ ಪಕ್ಕಕ್ಕೆ ಸರಿದ. “ಇನ್ನೊಂದ್ ಹತ್ತು ರೂಲ್ಸ್ ಬರಸ್ರಿ ಸಾಹೇಬ್ರ. ಇಬ್ರಿಗೆ ಸಾಲಂಗಿಲ್ಲ ಇದು.”